ಪ್ರತಿಕ್ರಿಯೆ: ಶಾಲೆಯ ಹಾಲಿನ ಪುಡಿ ಸತ್ವಹೀನವೇ?

ಮಾನ್ಯರೇ, ಉಪ್ಪೂರಿನಲ್ಲೂ ಕುಲಶೇಖರದಲ್ಲೂ ಹಾಲು ಒಕ್ಕೂಟದ ಡೇರಿಗಳಿರುವಾಗ, ಉಡುಪಿಯ ಸರ್ಕಾರಿ ಶಾಲೆಯಲ್ಲಿ ಓದುತ್ತಿರುವ ತಮ್ಮ ಮಗಳಿಗೆ ತಾಜಾ ಹಾಲಿನ ಬದಲು ಪುಡಿಯ ಹಾಲನ್ನು ಏಕೆ ಕೊಡುತ್ತಾರೆ, ಅದರಲ್ಲಿ ಸತ್ವವಿದೆಯೇ ಎಂದು ತಾವು ಕೇಳಿದ್ದೀರಿ.

2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಪ್ರಕಾರ ಪ್ರತಿ ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ 150 ಮಿಲಿ ಹಾಲನ್ನು ಸಿದ್ಧಪಡಿಸಬೇಕು. ಅಂದರೆ ಅದರಲ್ಲಿ ಶೇ. 12ರಷ್ಟು ಘನಾಂಶ (ನೀರು ಬಿಟ್ಟು ಉಳಿದ ಭಾಗ) ಇರುತ್ತದೆ. ನಾವು ಮನೆಗೆ ತರುವ ಟೋನ್ಡ್ (ಕೊಬ್ಬು ತಗ್ಗಿಸಿದ) ಹಾಲಿನಲ್ಲಿ ಕೊಬ್ಬು ಶೇ. 3, ಇತರ ಘನಾಂಶ ಶೇ. 8.5, ಒಟ್ಟು ಶೇ. 11.5 ಇರುವುದರಿಂದ, ಅಳತೆ ಸರಿಯಾಗಿದ್ದರೆ ಶಾಲೆಯ ಹಾಲು ಅದಕ್ಕಿಂತ ತೆಳುವಾಗಿರಲು ಕಾರಣವೇ ಇಲ್ಲ. ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಪುಡಿಯಲ್ಲಿ ಬಹುಮಟ್ಟಿಗೆ ಉಳಿದಿರುತ್ತವೆ.

ತಾಜಾ ಹಾಲನ್ನು ಪ್ರತಿದಿನ ಬೆಳಿಗ್ಗೆ ಘಟ್ಟದಂಚಿನ ಶಾಲೆಗಳವರೆಗೂ ಕೆಡದಂತೆ ತಲುಪಿಸಲು ಶೀತಲೀಕರಣದ ವ್ಯವಸ್ಥೆ ಬೇಕಾಗುತ್ತದೆ. ಪುಡಿಗೆ ಅದು ಬೇಡ. ಒಕ್ಕೂಟಗಳಲ್ಲಿ ಮಿಕ್ಕ ಹಾಲನ್ನು ಪುಡಿ ಮಾಡಿ ಬಳಸುವುದರಿಂದ ಹೈನುಗಾರರಿಗೂ ಅನುಕೂಲವಿದೆ.

ನನ್ನ ದೃಷ್ಟಿಯಲ್ಲಿ ನಮ್ಮ ಕರಾವಳಿಯಲ್ಲಿ ಗಮನಿಸಬೇಕಾದದ್ದು ದಾಸ್ತಾನು. ಜೂನ್–ಜುಲೈನ ತೇವಕ್ಕೆ, ಒಡೆದ ಪ್ಯಾಕೆಟ್ಟನ್ನು (ಹಪ್ಪಳದ ಡಬ್ಬಿಯಂತೆ) ಬಿಗಿಯಾಗಿ ಮುಚ್ಚಿಡದಿದ್ದರೆ ಪುಡಿ ಗಂಟುಕಟ್ಟುತ್ತದೆ, ವಾಸನೆಯೂ ಬರುತ್ತದೆ. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಬಳಿಕ ಕುದಿಸಿದ ನೀರಿಗೆ ಸೇರಿಸಿದರೆ ಗಂಟಾಗದು. ಹಾಲು ತೀರಾ ನೀರಾಗಿದೆ ಎನಿಸಿದರೆ, ಅಂದಿನ ಮಕ್ಕಳ ಸಂಖ್ಯೆಗೆ ಎಷ್ಟು ಪುಡಿ ತೂಗಿದರೆಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ತಾವು ಕೇಳಬಹುದು.