ನಾಲ್ಕು ಸ್ಟಿಕ್ ಬೇಕೋ, ಎರಡು ಸಾಕೋ?

ಪ್ರಶ್ನೆ: ಮದುವೆ, ಉಪನಯನದ ವಿಡಿಯೊ ಎಡಿಟ್ ಮಾಡಿಕೊಡುವುದು ನನ್ನ ಕಸುಬು. ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್. ಪ್ರೊಸೆಸರನ್ನು 4.2 ಗಿಗಾಹರ್ಟ್ಸ್‌ಗೆ ಓವರ್‌ಕ್ಲಾಕ್ ಮಾಡಿದ್ದೇನೆ, ಅಂದರೆ ಮೂಲ ವೇಗಕ್ಕಿಂತ ಹೆಚ್ಚು ಓಡಿಸುತ್ತಿದ್ದೇನೆ. 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್ ಇವೆ, 3200 ವೇಗದವು. 4ಕೆ ವಿಡಿಯೊಗೆ ಸಾಲುತ್ತಿಲ್ಲ. ಗೆಳೆಯನ ಹತ್ತಿರವಿದ್ದ ಬೇರೆ ಕಂಪನಿಯ ಎರಡು ಸ್ಟಿಕ್ ಸೇರಿಸಿದೆ. ಎಕ್ಸ್‌ಪೋರ್ಟ್ ಅರ್ಧಕ್ಕೆ ಬರುವಷ್ಟರಲ್ಲಿ ನೀಲಿ ಪರದೆ ಬಂದು ಕಂಪ್ಯೂಟರ್ ನಿಂತುಹೋಗುತ್ತದೆ. ಅಂಗಡಿಯವರು 4000ದ ರ‍್ಯಾಮ್ ತಗೊಳ್ಳಿ ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ಶಿರಸಿ

ಉತ್ತರ: 4000ದ್ದು ಬೇಡ ಮಾರಾಯ್ರೇ. ನಿಮ್ಮ ಪ್ರೊಸೆಸರ್ ಒಳಗೆ ಇನ್ಫಿನಿಟಿ ಫ್ಯಾಬ್ರಿಕ್ ಅಂತ ಒಂದು ಜಾಲ ಇದೆ. ಕೋರ್‌ಗಳಿಗೂ ರ‍್ಯಾಮಿಗೂ ನಡುವಿನ ಓಡಾಟವೆಲ್ಲ ಅದರ ಮೂಲಕವೇ. ಅದು ರ‍್ಯಾಮಿನ ಗತಿಗೆ ಸರಿಸಮನಾಗಿ ಓಡಿದರೆ ಲಾಭ. ಪ್ಯಾಕೆಟ್ ಮೇಲೆ 3600 ಅಂತಿದ್ದರೆ ನಿಜವಾದ ಗತಿ 1800 ಮೆಗಾಹರ್ಟ್ಸ್. ಈ ತಲೆಮಾರಿನ ರೈಜನ್‌ಗಳು ಸಾಮಾನ್ಯವಾಗಿ ಅಲ್ಲಿಯವರೆಗೆ ತಾಳುತ್ತವೆ. 4000 ಹಾಕಿದರೆ ಎರಡರ ಜೋಡಿ ತಪ್ಪಿ, ಹೆಚ್ಚು ದುಡ್ಡು ಕೊಟ್ಟು ವಿಳಂಬ ಕೊಂಡ ಹಾಗಾಗುತ್ತದೆ. (ಪ್ರೊಸೆಸರಿನ ಹೆಸರೂ 3600, ರ‍್ಯಾಮಿನ ವೇಗವೂ 3600. ಎರಡಕ್ಕೂ ಸಂಬಂಧವಿಲ್ಲ, ಹೆಸರಿಟ್ಟವರನ್ನು ಬೈದುಕೊಳ್ಳಿ.)

ಇನ್ನು ನೀಲಿ ಪರದೆ. ರ‍್ಯಾಮನ್ನು ನಡೆಸುವ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೇ. ಎರಡು ಸ್ಟಿಕ್ ಇದ್ದರೆ 3200ಕ್ಕೆ ಪ್ರೊಸೆಸರ್ ತಯಾರಿಸಿದ ಎಎಂಡಿ ಒಪ್ಪುತ್ತದೆ. ನಾಲ್ಕೂ ಸ್ಲಾಟ್ ತುಂಬಿದರೆ, ಚಿಪ್‌ಗಳ ಒಂದು ಗುಂಪಿರುವ ಸಿಂಗಲ್ ರ‍್ಯಾಂಕ್‌ಗೆ 2933, ಎರಡು ಗುಂಪಿರುವ ಡ್ಯುಯಲ್ ರ‍್ಯಾಂಕ್‌ಗೆ 2667 ಅಂತ ಅದೇ ಕಂಪನಿ ಬರೆದಿದೆ. ನೀವು ನಾಲ್ಕನ್ನೂ, ಅದೂ ಬೇರೆ ಬೇರೆ ಕುಲದವನ್ನು, 3200ರಲ್ಲೇ ಓಡಿಸಿರಬೇಕು. ಮೇಲಿಂದ ಓವರ್‌ಕ್ಲಾಕ್. ಅನುಮಾನ ಮೊದಲು ಅಲ್ಲಿಗೇ ಹೋಗುತ್ತದೆ.

ಆದ್ದರಿಂದ ಹಳೆಯ ಎರಡನ್ನು ಮಾರಿ, 16 ಜಿಬಿಯ ಎರಡು ಸ್ಟಿಕ್ ಇರುವ ಒಂದೇ ಪ್ಯಾಕೆಟ್ ಕಿಟ್ ತಗೊಳ್ಳಿ. ಬಿಡಿಬಿಡಿಯಾಗಿ ಬೇಡ. ಮಾಡೆಲ್ ನಂಬರ್ ಒಂದೇ ಇದ್ದರೂ ಒಳಗಿನ ಚಿಪ್ ಬದಲಾಗಿರುವುದುಂಟು. 3200 ಸಿಎಲ್16 (ಸಿಎಲ್ ಅಂದರೆ ಕೇಳಿದ್ದನ್ನು ಕೊಡಲು ರ‍್ಯಾಮ್ ಕಾಯಿಸುವ ಗಡಿಯಾರ ಬಡಿತಗಳ ಲೆಕ್ಕ) ಆಗಲಿ, 3600 ಸಿಎಲ್18 ಆಗಲಿ, ಲೆಕ್ಕ ಹಾಕಿದರೆ ಎರಡರ ವಿಳಂಬವೂ 10 ನ್ಯಾನೊಸೆಕೆಂಡೇ. ಬೆಲೆ ಕಡಿಮೆ ಇರುವುದನ್ನು ಹಿಡಿಯಿರಿ. 3600 ಸಿಎಲ್16 ಸುಮಾರು 8.9ಕ್ಕೆ ಇಳಿಯುತ್ತದೆ ನಿಜ, ಆದರೆ ಅದು ಫ್ರೇಮ್ ಎಣಿಸುವ ಗೇಮರುಗಳ ಸುಖ. ನಿಮಗೆ ಬೇಕಿರುವುದು ಜಾಗ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸುವುದಾದರೆ ಬಿಲ್ ಮೇಲೆ ಸಿಎಲ್ ಅಂಕಿಯನ್ನೂ ಬರೆಸಿ.

ಓವರ್‌ಕ್ಲಾಕ್ ಮಾಡಿದವರ ಕೂಲರ್ ದೊಡ್ಡದಿರುತ್ತದೆ. ಮೇಲೆ ಶಾಖ ಹೀರುವ ಲೋಹದ ಎತ್ತರದ ಕಿರೀಟವಿರುವ ರ‍್ಯಾಮ್ ತಂದರೆ ಫ್ಯಾನಿಗೆ ತಾಗಿ ಕೂರುವುದೇ ಇಲ್ಲ. ಸ್ಕೇಲ್ ಹಿಡಿದು ಅಳೆದುಬಿಡಿ.

ಹಾಕುವ ಮೊದಲು ಪ್ರೊಸೆಸರನ್ನು ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯೋಸ್‌ನಲ್ಲಿ ಮೂಲ ವೇಗಕ್ಕೆ ತನ್ನಿ. ಇಲ್ಲದಿದ್ದರೆ ಏನಾದರೂ ಕೆಟ್ಟಾಗ ಯಾರ ತಪ್ಪೆಂದು ಗೊತ್ತಾಗುವುದಿಲ್ಲ. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ, ನಾಲ್ಕನೇ ಸ್ಲಾಟಿಗೆ ಹಾಕಿ, ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿ. ಎಕ್ಸ್‌ಎಂಪಿ (ರ‍್ಯಾಮನ್ನು ಪ್ಯಾಕೆಟ್ ಮೇಲಿನ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿ; ವೋಲ್ಟೇಜ್ 1.35 ತೋರಿಸಿದರೆ ಗಾಬರಿ ಬೇಡ, ಇಂಥ ಕಿಟ್‌ಗಳಿಗೆ ಅದೇ ಸಾಮಾನ್ಯ. ಆಮೇಲೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷೆಯ ತಂತ್ರಾಂಶ ಹಚ್ಚಿ ಮಲಗಿ. ಬೆಳಿಗ್ಗೆ ಒಂದೇ ಒಂದು ದೋಷ ಕಂಡರೂ ವೇಗ ಇಳಿಸಿ ಮತ್ತೆ ಓಡಿಸಿ, ಮೂಲ 2133ರಲ್ಲೂ ಬಂದರೆ ವಾಪಸ್ ಕೊಡಿ. ‘ಒಂದೇ ತಾನೇ’ ಅನ್ನಬೇಡಿ. ಆ ಒಂದು ಬಿಟ್ ಮಾಂಗಲ್ಯಧಾರಣೆಯ ಫೈಲಿನೊಳಗೆ ಕೂತರೆ ಮದುವೆ ಇನ್ನೊಮ್ಮೆ ಮಾಡಿಸಲಾಗದು. ಪಾಸಾದ ಮೇಲೆ 4.2ಕ್ಕೆ ಏರಿಸಿ, ಯಾವುದಾದರೂ ಹಳೆಯ ಪ್ರಾಜೆಕ್ಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ನೋಡಿ.

ಪ್ರಶ್ನೆ: ಇದೇ ಬಿ450 ಬೋರ್ಡಿಗೆ ಡಿಡಿಆರ್4ರ ಮುಂದಿನ ತಲೆಮಾರಿನ ಡಿಡಿಆರ್5 ರ‍್ಯಾಮ್ ಹಾಕಬಹುದೇ?
– ಓದುಗರು, ಗದಗ

ಉತ್ತರ: ಆಗುವುದಿಲ್ಲ. ಕೆಳಗಿನ ಸೀಳಿನ ಜಾಗವೇ ಬೇರೆ, ಒತ್ತಿದರೆ ಸ್ಲಾಟ್ ಮುರಿದೀತು. ಡಿಡಿಆರ್5 ಬೇಕೆಂದರೆ ಬೋರ್ಡ್, ಪ್ರೊಸೆಸರ್ ಎರಡನ್ನೂ ಬದಲಿಸಬೇಕು.