ಆರ್ಮ್‌ಸ್ಟ್ರಾಂಗ್‌ಗೆ ಆ ಸರದಿ ಬಂದಿದ್ದು ಹೇಗೆ?

ಪ್ರಶ್ನೆ: 2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಪ್ರಶಾಂತ್ ಬಾಲಕೃಷ್ಣನ್ ನಾಯರ್ ಬದಲಿಯಾಗಿ ಸಿದ್ಧರಿದ್ದರು ಎಂದು ಓದಿದೆ. ಅಪೊಲೊ ಕಾಲದಲ್ಲೂ ಹೀಗೇ ಇತ್ತಾ? ಚಂದ್ರನ ಮೇಲೆ ಮೊದಲು ನೀಲ್ ಆರ್ಮ್‌ಸ್ಟ್ರಾಂಗ್ ಅವರೇ ಇಳಿಯಬೇಕು ಎಂದು ಆರಿಸಿದ್ದು ಯಾರು?
– ಪಿಯು ವಿದ್ಯಾರ್ಥಿನಿ, ಹಾಸನ

ಉತ್ತರ: ಇತ್ತು. ಅಷ್ಟೇ ಅಲ್ಲ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇರುವುದೂ ಆ ಬದಲಿ ತಂಡದಲ್ಲೇ. ಮೊದಲ ಹೆಜ್ಜೆಗೆ ಇವರೇ ಆಗಬೇಕು ಎಂದು ಯಾರೂ ವರ್ಷಗಳ ಮೊದಲೇ ಗುರುತು ಹಾಕಿ ಇಟ್ಟಿರಲಿಲ್ಲ. ಇದ್ದದ್ದು ಒಂದು ಸರದಿ. ಆ ಸರದಿ ಆಗಾಗ ಹಿಂದೆ ಮುಂದೆ ಆಯಿತು.

ಸರದಿ ನೋಡಿಕೊಳ್ಳುತ್ತಿದ್ದವರು ಡೀಕ್ ಸ್ಲೇಟನ್. 1959ರಲ್ಲಿ ನಾಸಾ ಆರಿಸಿದ ಮೊದಲ ಏಳು ಗಗನಯಾತ್ರಿಗಳಲ್ಲಿ ಒಬ್ಬರು. ಎದೆಬಡಿತ ಒಂದೇ ಸಮ ಇಲ್ಲ ಎಂದು 1962ರಲ್ಲಿ ಅವರನ್ನು ಹಾರಾಟದಿಂದ ದೂರ ಇಟ್ಟರು. ಆಮೇಲೆ ಯಾರು ಯಾವ ನೌಕೆಯಲ್ಲಿ ಕೂರಬೇಕು ಎಂದು ಹೇಳುವ ಕೆಲಸ ಅವರದ್ದಾಯಿತು. ತಾನು ಹಾರುವಂತಿಲ್ಲ, ಆದರೆ ಉಳಿದವರನ್ನೆಲ್ಲ ಕಳಿಸಬೇಕು. ಸುಲಭದ ಕೆಲಸ ಅಲ್ಲ, ಅಲ್ವಾ?

ಅವರ ಲೆಕ್ಕ ಸರಳವಾಗಿತ್ತು. ಒಂದು ಹಾರಾಟಕ್ಕೆ ಬದಲಿಯಾಗಿ ತಯಾರಾದ ತಂಡ ನಡುವಿನ ಎರಡು ಹಾರಾಟ ಬಿಟ್ಟು ಮೂರನೆಯದಕ್ಕೆ ತಾನೇ ಹೋಗಬೇಕು. ಅಪೊಲೊ 8ಕ್ಕೆ ಬದಲಿಯಾದವರಿಗೆ ಅಪೊಲೊ 11. 9ಕ್ಕೆ ಬದಲಿಯಾದವರಿಗೆ 12. ಇದು ಬರೆದಿಟ್ಟ ಕಾನೂನಲ್ಲ, ಸ್ಲೇಟನ್ ಪಾಲಿಸುತ್ತಿದ್ದ ರೂಢಿ.

ಈಗ ಮಜಾ ನೋಡಿ. 1968ರ ಮೊದಲರ್ಧದಲ್ಲಿ ಅಪೊಲೊ 8 ಇದ್ದದ್ದು ಜಿಮ್ ಮೆಕ್‌ಡಿವಿಟ್ ತಂಡಕ್ಕೆ. ಚಂದ್ರನ ಮೇಲೆ ಇಳಿಯುವ ನೌಕೆಯನ್ನು ಭೂಮಿಯ ಸುತ್ತಲೇ ಓಡಿಸಿ ಪರೀಕ್ಷೆ ಮಾಡುವುದು ಅವರ ಕೆಲಸ. ಅವರಿಗೆ ಬದಲಿ ಪೀಟ್ ಕಾನ್ರಾಡ್ ತಂಡ. ಅಪೊಲೊ 9 ಫ್ರಾಂಕ್ ಬೋರ್ಮನ್ ಅವರದ್ದು, ಬದಲಿ ಆರ್ಮ್‌ಸ್ಟ್ರಾಂಗ್. ಅಂದರೆ ಸರದಿ ಪ್ರಕಾರ ಅಪೊಲೊ 11 ಕಾನ್ರಾಡ್‌ಗೆ ಬರಬೇಕಿತ್ತು.

ಆದರೆ ಇಳಿಯುವ ನೌಕೆ ಹೇಳಿದ ಹೊತ್ತಿಗೆ ಸಿದ್ಧವಾಗಲಿಲ್ಲ. ಸುಮ್ನೆ ಕಾಯುವ ಬದಲು ಮುಖ್ಯ ನೌಕೆಯನ್ನಷ್ಟೇ ಚಂದ್ರನ ಸುತ್ತ ಕಳಿಸಿ ನೋಡೋಣ ಎಂದು ಆ ಆಗಸ್ಟ್‌ನಲ್ಲಿ ಜಾರ್ಜ್ ಲೋ ಎಂಬ ಅಧಿಕಾರಿ ಸೂಚಿಸಿದರು. ಮೆಕ್‌ಡಿವಿಟ್ ತಂಡ ಇಳಿಯುವ ನೌಕೆಯ ಮೇಲೇ ತಿಂಗಳುಗಟ್ಟಲೆ ಕೆಲಸ ಮಾಡಿತ್ತು. ಅವರು ಅದನ್ನೇ ಇಟ್ಟುಕೊಂಡು 9ಕ್ಕೆ ಸರಿದರು. ಬೋರ್ಮನ್ ತಂಡ 8ಕ್ಕೆ ಬಂತು. ಎರಡೂ ಬದಲಿ ತಂಡಗಳು ತಮ್ಮ ತಮ್ಮವರ ಹಿಂದೆಯೇ ಹೋದವು. ಹೀಗೆ ಆರ್ಮ್‌ಸ್ಟ್ರಾಂಗ್‌ಗೆ 11 ಬಂತು, ಕಾನ್ರಾಡ್‌ಗೆ 12.

ಹಾಗಂತ ಇದು ಬರೀ ಅದೃಷ್ಟ ಅನ್ನಬೇಡಿ. ಆ ಸಾಲಿನಲ್ಲಿ ನಿಂತವರೆಲ್ಲ ಇಳಿಸುವ ತಾಕತ್ತು ಇದ್ದವರೇ. ಇನ್ನೊಂದು ಮಾತು: 1969ರ ಜನವರಿಯಲ್ಲಿ ಅಪೊಲೊ 11ರ ಹೆಸರುಗಳನ್ನು ಪ್ರಕಟಿಸಿದಾಗಲೂ ಮೊದಲು ಇಳಿಯುವುದು ಅದೇ ಎಂಬ ಖಾತ್ರಿ ಇರಲಿಲ್ಲ. 9 ಅಥವಾ 10ರಲ್ಲಿ ಏನಾದರೂ ಕೆಟ್ಟಿದ್ದರೆ ಆ ಅವಕಾಶ ಕಾನ್ರಾಡ್ ಕೈಗೆ ಹೋಗಬಹುದಿತ್ತು.

ಉಳಿದಿಬ್ಬರ ಕಥೆಯೂ ಹೀಗೇ. ಮೈಕಲ್ ಕಾಲಿನ್ಸ್ ಇದ್ದದ್ದು ಬೋರ್ಮನ್ ತಂಡದಲ್ಲಿ. 1968ರಲ್ಲಿ ಕತ್ತಿನ ಮೂಳೆಯ ಆಪರೇಷನ್ ಆಯಿತು. ಅವರ ಜಾಗಕ್ಕೆ ಜಿಮ್ ಲೊವೆಲ್ ಹೋದರು, ಚಂದ್ರನನ್ನು ಮೊದಲು ಸುತ್ತಿದ ಮೂವರಲ್ಲಿ ಒಬ್ಬರಾದರು. ಚೇತರಿಸಿಕೊಂಡ ಕಾಲಿನ್ಸ್‌ಗೆ ಅಪೊಲೊ 11ರಲ್ಲಿ ಸೀಟು ಸಿಕ್ಕಿತು.

ಬಜ್ ಆಲ್ಡ್ರಿನ್ ವಿಷಯ ಸ್ವಲ್ಪ ಕಷ್ಟದ್ದು. ಅಪೊಲೊಗೆ ಮುಂಚೆ ನಾಸಾ ಇಬ್ಬಿಬ್ಬರನ್ನು ಕಳಿಸುತ್ತಿದ್ದ ಜೆಮಿನಿ ಸಾಲಿನಲ್ಲಿ ಅವರು ಮೊದಲು ಜೆಮಿನಿ 10ಕ್ಕೆ ಬದಲಿ. ಮೂರು ಕೂಡಿದರೆ 13. ಆದರೆ ಜೆಮಿನಿ 12ಕ್ಕೇ ಮುಗಿಯುತ್ತಿತ್ತು! 1966ರ ಫೆಬ್ರುವರಿ 28ರಂದು ಜೆಮಿನಿ 9ರ ಎಲಿಯಟ್ ಸೀ ಮತ್ತು ಚಾರ್ಲ್ಸ್ ಬ್ಯಾಸೆಟ್ ಸೇಂಟ್ ಲೂಯಿಸ್‌ನಲ್ಲಿ ವಿಮಾನ ಬಿದ್ದು ತೀರಿಕೊಂಡರು. ಬದಲಿಯವರು ಮುಂದೆ ಬಂದರು, ಲೊವೆಲ್ ಮತ್ತು ಆಲ್ಡ್ರಿನ್ 9ರ ಬದಲಿಯಾದರು, ಆ ಲೆಕ್ಕದಲ್ಲಿ ಜೆಮಿನಿ 12ರಲ್ಲಿ ಹಾರಿದರು. ಆ ಅನುಭವವೇ ಅವರನ್ನು ಅಪೊಲೊ ಸಾಲಿಗೆ ತಂದಿತು. ಆರ್ಮ್‌ಸ್ಟ್ರಾಂಗ್ ಸರದಿಯಿಂದ ಬಂದರು ಎಂದು ಹೇಳುವಾಗ, ಈ ಸರದಿಯಲ್ಲಿ ಸಾವುಗಳೂ ಇದ್ದವು ಎಂಬುದನ್ನು ನಾನು ಬಿಟ್ಟು ಹೇಳಲಾರೆ. ಕಾನ್ರಾಡ್ ತಂಡದ ಸಿ.ಸಿ. ವಿಲಿಯಮ್ಸ್ ಕೂಡ 1967ರಲ್ಲಿ ವಿಮಾನ ಅಪಘಾತದಲ್ಲಿ ಹೋದರು. ಅವರ ಜಾಗಕ್ಕೆ ಬಂದವರು ಅಲನ್ ಬೀನ್. ಅಪೊಲೊ 12ರ ಲಾಂಛನ ನೋಡಿ. ಹಾರಿದವರು ಮೂವರು, ನಕ್ಷತ್ರ ನಾಲ್ಕು.

ಪ್ರಶ್ನೆ: ಕೊನೇ ಗಳಿಗೆಯಲ್ಲಿ ಬದಲಿಯವರೇ ಹೋದದ್ದು ಉಂಟಾ?
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಉಂಟು, ಅಪೊಲೊ 13ರಲ್ಲಿ. ಬದಲಿ ತಂಡದ ಚಾರ್ಲಿ ಡ್ಯೂಕ್‌ಗೆ ರುಬೆಲ್ಲಾ ಬಂತು. ನಮ್ಮಲ್ಲಿ ದಡಾರದ ಜೊತೆ ಲಸಿಕೆ ಹಾಕುತ್ತಾರಲ್ಲ, ಅದೇ. ಅವರ ಜೊತೆ ಓಡಾಡಿದ, ಹಾರಬೇಕಿದ್ದ ತಂಡದ ಕೆನ್ ಮ್ಯಾಟಿಂಗ್ಲಿಗೆ ಮೊದಲು ಆ ಕಾಯಿಲೆ ಬಂದಿರಲಿಲ್ಲ, ಹಾಗಾಗಿ ಮೈಯಲ್ಲಿ ತಡೆಯುವ ಶಕ್ತಿ ಇರಲಿಲ್ಲ. 1970ರ ಏಪ್ರಿಲ್ 11ರ ಉಡಾವಣೆಗೆ ಇನ್ನೆರಡು ಮೂರು ದಿನ ಇರುವಾಗ ಅವರನ್ನು ಇಳಿಸಿ ಬದಲಿ ತಂಡದ ಜ್ಯಾಕ್ ಸ್ವಿಗರ್ಟ್ ಅವರನ್ನು ಹತ್ತಿಸಿದರು. ದಾರಿಯಲ್ಲಿ ಆಮ್ಲಜನಕದ ಟ್ಯಾಂಕ್ ಸಿಡಿದದ್ದು ಗೊತ್ತೇ ಇದೆ. ಮ್ಯಾಟಿಂಗ್ಲಿ ಕೆಳಗಿದ್ದುಕೊಂಡೇ, ಕರೆಂಟು ನಿಲ್ಲಿಸಿಟ್ಟಿದ್ದ ನೌಕೆಗೆ ಮತ್ತೆ ಕರೆಂಟು ಕೊಡುವ ಕ್ರಮ ಹುಡುಕುವಲ್ಲಿ ನೆರವಾದರು. ಅವರಿಗೆ ರುಬೆಲ್ಲಾ ಬರಲೇ ಇಲ್ಲ. ಎರಡು ವರ್ಷ ಬಿಟ್ಟು ಅಪೊಲೊ 16ರಲ್ಲಿ ಚಂದ್ರನ ಬಳಿಗೆ ಹೋದರು. ಜೊತೆಗಿದ್ದವರು ಜಾನ್ ಯಂಗ್ ಮತ್ತು ಅದೇ ಚಾರ್ಲಿ ಡ್ಯೂಕ್.