ಮೈಗೆ ಕಚ್ಚದ ಎಲಾಸ್ಟಿಕ್

ಪ್ರಶ್ನೆ: ಅಂಗಡಿಯ ಒಳಚಡ್ಡಿ ಅತ್ತೆಗೆ ಸೊಂಟದಲ್ಲಿ ಕಚ್ಚುತ್ತೆ ಅಂತ ಬನಿಯನ್ ಬಟ್ಟೆ ತಂದು ಮನೆಯಲ್ಲೇ ಹೊಲಿದೆ. ಮಗಳ ಲಂಗಕ್ಕೆ ಹಾಕಿ ಉಳಿದಿದ್ದ ಎಲಾಸ್ಟಿಕ್ಕನ್ನೇ ಸೊಂಟಕ್ಕೂ ಕಾಲಿಗೂ ಹಾಕಿದೆ. ತೊಡೆಸಂದಿಯಲ್ಲಿ ಕೆಂಪಗೆ ಗೆರೆ ಬಿತ್ತು. ತಿಂಗಳೊಳಗೆ ಸೊಂಟ ಜೋಲು ಬಿತ್ತು, ದಾರವೂ ಕಿತ್ತುಬಂತು. ನನ್ನದು ತುಳಿಯುವ ಮಿಷನ್, ನೇರ ಹೊಲಿಗೆ ಮಾತ್ರ. ಯಾವ ಎಲಾಸ್ಟಿಕ್ ತರಲಿ? ಎಷ್ಟು ಕತ್ತರಿಸಲಿ?
– ಓದುಗರು, ಮಂಡ್ಯ

ಉತ್ತರ: ಉಳಿದಿದ್ದ ಆ ಎಲಾಸ್ಟಿಕ್ಕನ್ನು ಈಗಲೇ ಕೈಗೆ ತಗೊಂಡು ಎಳೆದು ನೋಡಿ. ಎಳೆದಾಗ ಅಗಲ ಕಡಿಮೆಯಾಗಿ ಹಗ್ಗದ ಹಾಗೆ ಆಗುತ್ತಾ? ಹಾಗಾದರೆ ಅದು ಜಡೆಯ ಹಾಗೆ ಹೆಣೆದ ಎಲಾಸ್ಟಿಕ್. ಲಂಗದ ಮಡಿಕೆಯೊಳಗೆ ತೂರಿಸೋಕೆ ಚೆನ್ನಾಗಿದೆ. ಅದರ ಮೇಲೆ ನೇರವಾಗಿ ಹೊಲಿದರೆ ಸೂಜಿ ಚುಚ್ಚಿದಲ್ಲೆಲ್ಲ ಬಿಗಿ ಹೋಗುತ್ತೆ. ಮೈ ಮೇಲೆ ಕಿರಿದಾಗಿ ಕೂರುವುದರಿಂದ ಗೆರೆಯೂ ಬೀಳುತ್ತೆ.

ನಿಮಗೆ ಬೇಕಾದ್ದು ಬನಿಯನ್ ಹಾಗೆ ಹೆಣೆದ, ಮೆತ್ತನೆಯ ಎಲಾಸ್ಟಿಕ್. ಎಷ್ಟು ಎಳೆದರೂ ಅದರ ಅಗಲ ಹೆಚ್ಚುಕಮ್ಮಿ ಹಾಗೇ ಇರುತ್ತೆ. ಅತ್ತೆಯವರ ಸೊಂಟಕ್ಕೆ ಮುಕ್ಕಾಲು ಇಂಚಿನದು ತನ್ನಿ. ಒಂದು ಮಗ್ಗುಲು ಮಖಮಲ್ ಹಾಗಿರುವುದು ಸಿಕ್ಕರೆ ಅದನ್ನೇ ತಗೊಳ್ಳಿ, ಆ ಮಗ್ಗುಲು ಮೈ ಕಡೆಗೆ ಬರಲಿ. ಅಗಲವಾದಷ್ಟೂ ಒತ್ತಡ ಹಂಚಿಕೊಳ್ಳುತ್ತೆ. ನನ್ನ ಅಮ್ಮನಿಗೆ ಹೊಟ್ಟೆ ಆಪರೇಷನ್ ಆದ ಮೇಲೆ ಸಣ್ಣ ಎಲಾಸ್ಟಿಕ್ ಮುಟ್ಟಿದರೂ ಉರಿ ಅನ್ನುತ್ತಿದ್ದರು. ಅಗಲದ್ದು ಹಾಕಿ, ಸೊಂಟವನ್ನು ಎರಡು ಇಂಚು ಮೇಲಕ್ಕೆ ಏರಿಸಿ ಹೊಲಿದುಕೊಟ್ಟೆ. ಅವತ್ತಿನಿಂದ ಅಂಗಡಿಯದ್ದು ಹಾಕಲೇ ಇಲ್ಲ. ಕಾಲಿಗೆ ಮಾತ್ರ ಕಾಲಿಂಚು ಸಾಕು.

ಕೊಳ್ಳುವಾಗ ಸುಮ್ನೆ ಮೀಟರ್ ಅಳೆಸಿಕೊಂಡು ಬರಬೇಡಿ. ನಾನು ಮೈಸೂರಿನ ಸಂತೆಪೇಟೆಗೆ ಹೋಗುವಾಗ ಒಂದು ಪೆನ್ನು, ಒಂದು ಟೇಪ್ ಇಟ್ಟುಕೊಂಡೇ ಹೋಗುತ್ತೇನೆ. ಎಲಾಸ್ಟಿಕ್ ಮೇಲೆ 10 ಸೆಂಟಿಮೀಟರಿಗೆ ಎರಡು ಗುರುತು ಹಾಕಿ. 20ಕ್ಕೆ ಎಳೆದು ಮೂವತ್ತು ಎಣಿಸಿ ಬಿಡಿ. ಮತ್ತೆ 10ಕ್ಕೇ ಬಂದರೆ ಒಳ್ಳೆಯದು. 11ರಲ್ಲಿ ನಿಂತುಬಿಟ್ಟರೆ ಅಲ್ಲೇ ಬಿಟ್ಟು ಬನ್ನಿ. ಒಂದು ಸಲ ಈ ಪರೀಕ್ಷೆ ಮಾಡದೆ ಒಂದು ಅಂಗಡಿಯಲ್ಲಿ ಇಡೀ ಸುರುಳಿ ತಂದೆ. ಒಳಗಿದ್ದ ರಬ್ಬರ್ ಹಳೆಯದಾಗಿ ಪುಡಿಪುಡಿಯಾಗಿತ್ತು. ಹನ್ನೆರಡು ಚಡ್ಡಿ ಬಿಚ್ಚಿ ಹೊಲಿದೆ. ರಬ್ಬರಿಗೆ ವಯಸ್ಸಾಗುತ್ತೆ, ಬಿಸಿಲು, ಎಣ್ಣೆ, ಬ್ಲೀಚಿಂಗ್ ಪೌಡರ್, ಬಿಸಿ ಇಸ್ತ್ರಿ ಯಾವುದನ್ನೂ ಅದು ತಡೆಯೋದಿಲ್ಲ. ಒಳಗೆ ಲೈಕ್ರಾ ಎಳೆ ಇರುವುದು ಇದಕ್ಕಿಂತ ಜಾಸ್ತಿ ದಿನ ಬರುತ್ತೆ. ಗಂಡಸರೇ ಕೂತಿರುವ ಅಂಗಡಿಯಲ್ಲಿ ಕೇಳೋಕೆ ಸಂಕೋಚ ಆಗುತ್ತೆ, ನನಗೆ ಗೊತ್ತು. ‘ಒಳ ಉಡುಪಿಗೆ ಹಾಕೋ ಮೆತ್ತನೆ ಎಲಾಸ್ಟಿಕ್ ಕೊಡಿ’ ಅಂತ ಬಾಯಿ ಬಿಟ್ಟು ಕೇಳಿ. ಇಲ್ಲದಿದ್ದರೆ ಲಂಗದ್ದೇ ಕಟ್ಟಿಕೊಡುತ್ತಾರೆ.

ಈಗ ಅಳತೆ. ಬಟ್ಟೆಯ ಸೊಂಟದ ಸುತ್ತು 36 ಇಂಚು ಇದ್ದರೆ ಎಲಾಸ್ಟಿಕ್ 32 ಇಂಚು, ಜೋಡಿಸೋಕೆ ಅರ್ಧ ಇಂಚು ಸೇರಿಸಿ. ಇದು ಅಂದಾಜು ಅಷ್ಟೇ. ಒಂದೊಂದು ಎಲಾಸ್ಟಿಕ್‌ನ ಬಿಗಿ ಒಂದೊಂದು ಥರ. ಕತ್ತರಿ ಹಾಕುವ ಮೊದಲು ಅತ್ತೆಯವರ ಸೊಂಟಕ್ಕೆ ಸುತ್ತಿ, ಕೂರಿಸಿ, ಎದ್ದು ನಿಲ್ಲಿಸಿ ನೋಡಿ. ಎರಡು ಬೆರಳು ಆರಾಮಾಗಿ ಒಳಗೆ ಹೋಗಬೇಕು.

ಕಾಲಿನ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಸುತ್ತಲೂ ಒಂದೇ ಸಮ ಎಳೆದು ಹೊಲಿಯುತ್ತಾರೆ. ಮುಂದೆ ತೊಡೆ ಮಡಚುವ ಜಾಗ. ಅಲ್ಲಿ ಎಳೆಯದೆ ಹಾಗೇ ಇಟ್ಟು ಹೊಲಿಯಿರಿ. ಹಿಂದೆ ಕುಂಡೆಯ ಉಬ್ಬನ್ನು ಹಿಡಿದುಕೊಳ್ಳಬೇಕು. ಅಲ್ಲಿ ಮಾತ್ರ ಎಳೆಯಿರಿ. ನಿಮ್ಮ ಅತ್ತೆಯವರ ಕೆಂಪು ಗೆರೆ ಇದರಿಂದಲೇ ಅರ್ಧ ಕಡಿಮೆಯಾಗುತ್ತೆ.

ದಾರ ಕಿತ್ತಿದ್ದು ನೇರ ಹೊಲಿಗೆಯಿಂದ. ಬಟ್ಟೆ ಹಿಗ್ಗುತ್ತೆ, ಆ ಹೊಲಿಗೆ ಹಿಗ್ಗೋದಿಲ್ಲ ಅಲ್ವಾ? ಸೊಂಟಕ್ಕೆ ಮಡಿಕೆ ಹೊಲಿದು ಎಲಾಸ್ಟಿಕ್ ತೂರಿಸಿ. ಮಡಿಕೆ ಹೊಲಿಯುವಾಗ ಬಟ್ಟೆಯನ್ನು ಸ್ವಲ್ಪ ಎಳೆದು ಹಿಡಿಯಿರಿ. ಕಾಲಿಗೆ ಜಿಗ್‌ಜಾಗ್ ಹೊಲಿಗೆಯೇ ಬೇಕು. ಸೀರೆಗೆ ಫಾಲ್, ಜಿಗ್‌ಜಾಗ್ ಮಾಡಿಕೊಡುವ ಅಂಗಡಿಗೆ ಹೋಗಿ ಕೇಳಿ, ಅವರ ಮಿಷನ್ನಿನಲ್ಲೇ ಆಗುತ್ತೆ. ಎಲಾಸ್ಟಿಕ್ಕನ್ನು ನೀವೇ ಕೈಹೊಲಿಗೆಯಲ್ಲಿ ಟಾಕಿ ಕೊಂಡೊಯ್ದರೆ ಎಲ್ಲಿ ಎಳೆಯಬೇಕು ಅನ್ನೋದು ತಪ್ಪೋದಿಲ್ಲ. ಪಾಲಿಯೆಸ್ಟರ್ ದಾರ, ಬನಿಯನ್ ಬಟ್ಟೆಗೆ ಬರುವ ಗುಂಡು ಮೊನೆಯ 11ನೇ ನಂಬರ್ ಸೂಜಿ ಇರಲಿ.

ಪ್ರಶ್ನೆ: ಬ್ರಾ ಪಟ್ಟಿ ಹೆಗಲಿಂದ ಜಾರುತ್ತೆ. ಹೊಸ ಎಲಾಸ್ಟಿಕ್ ಹಾಕಿಸಿದರೂ ಅದೇ ಕಥೆ.
– ಓದುಗರು, ಮೈಸೂರು

ಉತ್ತರ: ಮೊದಲು ಎದೆಯ ಕೆಳಗಿನ ಪಟ್ಟಿ ನೋಡಿ. ಭಾರ ಹೊರುವುದು ಅದು. ಅದು ಸಡಿಲಾದರೆ ಬೆನ್ನ ಕಡೆ ಮೇಲಕ್ಕೆ ಏರುತ್ತೆ, ಹೆಗಲ ಪಟ್ಟಿ ಸಡಿಲಾಗಿ ಜಾರುತ್ತೆ. ಎದೆಯ ಕೆಳಗಿನ ಆ ಪಟ್ಟಿಗೆ ಮುಕ್ಕಾಲು ಇಂಚಿನ ಬಿಗಿ ಎಲಾಸ್ಟಿಕ್, ಮೈ ಕಡೆ ಮೆತ್ತಗಿರುವುದು, ಹಾಕಿಸಿ. ಹೆಗಲಿಗೆ ಚಡ್ಡಿಯ ಎಲಾಸ್ಟಿಕ್ ಬೇಡ, ಅದು ಜಗ್ಗುತ್ತೆ. ಕಷ್ಟಪಟ್ಟು ಎಳೆದರೆ ಸ್ವಲ್ಪವೇ ಹಿಗ್ಗುವ ಪಟ್ಟಿ ಎಲಾಸ್ಟಿಕ್ ಬೇರೆಯೇ ಬರುತ್ತೆ, ಅದನ್ನೇ ಕೇಳಿ.